ಹದಿನೈದನೆಯ ಬಿಟ್ಟ ಸ್ಥಳ

ಬಿಟ್ಟ ಸ್ಥಳ ತುಂಬುವ ಕಥೆಗಳಲ್ಲಿ ಯಾರೂ ಸಾಯುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನಾನು ಮಕ್ಕಳಿಗೆ ಹೇಳಿಕೊಡುತ್ತ ಬಂದದ್ದು ಇದನ್ನೇ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಕಥೆ, ಅದರಲ್ಲಿ ಹದಿನೈದು ಖಾಲಿ ಜಾಗ, ಒಂದೊಂದಕ್ಕೂ ನಾಲ್ಕು ಆಯ್ಕೆ, ಒಂದು ಅಂಕ. ಕಳೆದುಹೋದ ನಾಯಿ ಸಿಗುತ್ತದೆ. ಕೊನೆಗೆ ಬಂದ ಓಟಗಾರನಿಗೂ ಜನ ಚಪ್ಪಾಳೆ ತಟ್ಟುತ್ತಾರೆ. ಮುನಿಸಿಕೊಂಡ ಅಪ್ಪ ಮಗ ರಾಜಿಯಾಗುತ್ತಾರೆ.

"ಕೊನೇ ಜಾಗದಲ್ಲಿ ತಲೆ ಓಡ್ಲಿಲ್ವಾ? ಕಣ್ಣು ಮುಚ್ಕೊಂಡು ಒಳ್ಳೇದಾಗೋ ಪದ ಹಾಕ್ರೋ, ಕತ್ತೆಗಳಾ" ಎಂದು ಬೈಯುತ್ತಿದ್ದೆ. ಅವರು ನಗುತ್ತಿದ್ದರು, ಹಾಕುತ್ತಿದ್ದರು, ಅಂಕವೂ ಬರುತ್ತಿತ್ತು.

ಅಷ್ಟು ಸುಲಭಕ್ಕೆ ಬಗ್ಗದ ಪಾಠವೆಂದರೆ ಕಾಲದ್ದು. ನಮ್ಮ ಚೀನೀ ಭಾಷೆಯಲ್ಲಿ ಕ್ರಿಯಾಪದ ಕೂತ ಜಾಗದಿಂದ ಅಲುಗುವುದಿಲ್ಲ. ಅಪ್ಪ ನಿನ್ನೆ ಬರು, ಅಪ್ಪ ಇವತ್ತು ಬರು, ಅಪ್ಪ ನಾಳೆ ಬರು, ಅಷ್ಟೇ. ಇಂಗ್ಲಿಷಿನಲ್ಲಿ ಹಾಗಲ್ಲ, ನಡೆಯುತ್ತಿದೆಯೋ ಮುಗಿದುಹೋಗಿದೆಯೋ ಎಂದು ಪ್ರತಿ ಕ್ರಿಯಾಪದಕ್ಕೂ ಒಂದು ಬಾಲ ಕಟ್ಟಬೇಕು. ಗಾನ್ಸು ಪ್ರಾಂತ್ಯದ ಗುಡ್ಡದ ಹಳ್ಳಿಗಳಿಂದ ನಮ್ಮ ಪೇಟೆಯ ಹೈಸ್ಕೂಲಿಗೆ ಬರುವ ಮಕ್ಕಳು ಈ ಬಾಲವನ್ನು ಮನೆಯಲ್ಲೇ ಮರೆತು ಬಂದವರ ಹಾಗೆ ಬರೆಯುತ್ತಾರೆ.

ಲುವೊ ಮೈಸುಯಿ ಅಂಥವರಲ್ಲಿ ಒಬ್ಬಳು. ಹಾಸ್ಟೆಲಿನ ಹುಡುಗಿ. ಮೂರನೇ ವರ್ಷಕ್ಕೆ ತರಗತಿಗಳನ್ನು ಕಲಸಿ ಹಂಚಿದಾಗ ನನ್ನ ಪಾಲಿಗೆ ಬಂದವಳು. ಕೇಳಿದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಬಿಟ್ಟ ಸ್ಥಳದಲ್ಲಿ ಹದಿನೈದಕ್ಕೆ ಏಳು, ಹೆಚ್ಚೆಂದರೆ ಎಂಟು. ಜೂನ್ ತಿಂಗಳ ದೊಡ್ಡ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಇನ್ನು ಹತ್ತು ಅಂಕ ಹೆಚ್ಚಿಗೆ ಬಂದರೆ ಅವಳಿಗೆ ನರ್ಸಿಂಗ್ ಕಾಲೇಜು ಸಿಗುತ್ತಿತ್ತು. ಬಾರದಿದ್ದರೆ ಚಿಕ್ಕಪ್ಪನ ಜೊತೆ ದಕ್ಷಿಣದ ಬಟ್ಟೆ ಕಾರ್ಖಾನೆಗೆ ಹೋಗಬೇಕಿತ್ತು. ಅಪ್ಪನನ್ನು ಬಿಟ್ಟು ಚಿಕ್ಕಪ್ಪನ ಜೊತೆ ಯಾಕೆ ಎಂದು ನಾನು ಕೇಳಲಿಲ್ಲ. ನಾನು ಕೇಳುವ ಜಾತಿಯ ಮೇಷ್ಟ್ರಲ್ಲ, ಅಂಕ ನೋಡುವ ಜಾತಿ.

ಮಾರ್ಚಿನಲ್ಲಿ 'ನಾನು ನೆನೆಯುವ ಒಬ್ಬರು' ಎಂಬ ಇಂಗ್ಲಿಷ್ ಪ್ರಬಂಧ ಬರೆಸಿದೆ. ಮೈಸುಯಿ ತನ್ನ ಅಪ್ಪನ ಬಗ್ಗೆ ಬರೆದಿದ್ದಳು. ಪ್ರತಿ ಬುಧವಾರ ಮೂರು ಚಕ್ರದ ಗಾಡಿಯಲ್ಲಿ ಸಂತೆಗೆ ಆಲೂಗಡ್ಡೆ ತರುವುದು, ಮಾರಿದ ಮೇಲೆ ಶಾಲೆಯ ಹಿಂದಿನ ಕಬ್ಬಿಣದ ಸರಳಿನ ಬೇಲಿಯ ಹತ್ತಿರ ನಿಲ್ಲುವುದು, ಹತ್ತಿಯ ಕೋಟಿನೊಳಗೆ ಸುತ್ತಿಟ್ಟುಕೊಂಡ ನೂಡಲ್ಸ್ ಡಬ್ಬಿಯನ್ನು ಸರಳುಗಳ ಸಂದಿನಲ್ಲಿ ಓರೆ ಮಾಡಿ ದಾಟಿಸುವುದು, ಅವಳು ಉಣ್ಣುವಾಗ ಆ ಕಡೆ ತಿರುಗಿ ಸಿಗರೇಟು ಸೇದುವುದು. ಹನ್ನೊಂದು ಕ್ರಿಯಾಪದ. ಹತ್ತಕ್ಕೆ ಬಾಲವೇ ಇಲ್ಲ. ಒಂದು ಕಡೆ ಮಾತ್ರ, ಹಿಮ ಬಿದ್ದ ದಿನ ಅಪ್ಪ 'ಕಾದ' ಎಂದು ಸರಿಯಾಗಿ ಭೂತಕಾಲ ಹಾಕಿದ್ದಳು.

ಆ ಒಂದನ್ನೇ ನಾನು ತಪ್ಪು ಎಂದುಕೊಂಡೆ.

ಅಚ್ಚಾದ ಕಥೆಗಳೆಲ್ಲ ಮಕ್ಕಳ ಫೋನಿನಲ್ಲಿ ಸಿಕ್ಕಿಬಿಡುತ್ತವೆಂದು ನಮ್ಮ ಶಾಲೆಯ ತಿಂಗಳ ಪರೀಕ್ಷೆಗೆ ಕಥೆಯನ್ನು ನಾನೇ ಕಟ್ಟುತ್ತಿದ್ದೆ. ಅದರಲ್ಲಿ ನನಗೆ ಜಂಬವೂ ಇತ್ತು. ಮೈಸುಯಿಯ ಪ್ರಬಂಧ ತೆಗೆದುಕೊಂಡೆ, ಅವಳನ್ನು ಒಂದು ಮಾತೂ ಕೇಳಲಿಲ್ಲ. ಹುಡುಗಿಯನ್ನು ಹುಡುಗ ಮಾಡಿದೆ, ಹತ್ತು ಕ್ರಿಯಾಪದಕ್ಕೆ ವರ್ತಮಾನದ ಬಾಲ ಕಟ್ಟಿದೆ, ಹನ್ನೊಂದನೆಯದನ್ನೂ ಅದಕ್ಕೇ ಸರಿಹೊಂದಿಸಿದೆ. ಕೊನೆಗೆ ನನ್ನದೇ ಒಂದು ಸಾಲು ಸೇರಿಸಿದೆ: ಮುಂದಿನ ಬುಧವಾರವೂ ಅಪ್ಪ ಅದೇ ಸರಳಿನ ಹತ್ತಿರ ಡ್ಯಾಶ್. ಆಯ್ಕೆಗಳು: ಬಂದ, ಬರುತ್ತಿದ್ದ, ಬರುತ್ತಾನೆ, ಬರುವುದಿಲ್ಲ.

ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಹಿಂದಿನ ವರ್ಷ ಆ ಹುಡುಗಿಗೆ ಇಂಗ್ಲಿಷ್ ಕಲಿಸಿದ್ದ ಶಾನ್ ಮೇಡಂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಉಳಿದ ಪತ್ರಿಕೆಯೊಂದನ್ನು ಓದುತ್ತಿದ್ದರು.

"ಪಾಂಗ್ ಸರ್, ಈ ಕಥೆ ಎಲ್ಲಿಂದ ಹಿಡ್ಕೊಂಡ್ ಬಂದ್ರಿ?"

"ನಮ್ಮ ಮೈಸುಯಿ ಬರೆದಿದ್ದು. ಸ್ವಲ್ಪ ಒಗ್ಗರಣೆ ಹಾಕ್ದೆ. ಹೇಗಿದೆ?"

ಅವರು ಲೋಟ ಕೆಳಗಿಟ್ಟರು. "ಅವಳಪ್ಪ ತೀರ್ಕೊಂಡು ವರ್ಷ ಆಯ್ತಲ್ರೀ. ಇಳಿಜಾರಲ್ಲಿ ಗಾಡಿ ಮಗುಚಿ. ಬುಧವಾರಾನೇ, ಇಲ್ಲಿಂದ ವಾಪಸ್ ಹೋಗ್ತಾ. ನಿಮಗ್ಯಾರೂ ಹೇಳ್ಲಿಲ್ವಾ?"

ಮೆಟ್ಟಿಲು ಹತ್ತಿ ಅವಳ ಪರೀಕ್ಷೆಯ ಕೋಣೆಯವರೆಗೆ ಓಡಿದೆ. ಓಡಿ ಏನು ಮಾಡುವುದು? ಬಾಗಿಲು ತೆರೆದು, ಅರವತ್ತು ಮಕ್ಕಳ ನಡುವೆ, ಅದನ್ನು ಬರೀಬೇಡಮ್ಮ ಎನ್ನುವುದೇ? ಕಿಟಕಿಯಿಂದ ನೋಡಿದೆ. ಮೈಸುಯಿ ಪತ್ರಿಕೆಯ ಮೇಲೆ ಬಗ್ಗಿದ್ದಳು. ಪೆನ್ಸಿಲು ನಿಂತಿತ್ತು. ಆಮೇಲೆ ರಬ್ಬರ್ ತೆಗೆದು ಏನನ್ನೋ ಉಜ್ಜಿದಳು, ಉಜ್ಜಿದ ಪುಡಿಯನ್ನು ಊದಿದಳು, ಪುಟ ತಿರುಗಿಸಿದಳು. ನಾನು ಕಳ್ಳನ ಹಾಗೆ ಕೆಳಗಿಳಿದು ಬಂದೆ.

ಮಾರನೆಯ ದಿನ ಅವಳ ಉತ್ತರದ ಹಾಳೆಯನ್ನು ಹುಡುಕಿ ತೆಗೆದೆ. ಹದಿನೈದಕ್ಕೆ ಹದಿನೈದು. ಕೊನೆಯ ಸಾಲಿನಲ್ಲಿ ನಾಲ್ಕನೆಯ ಚೌಕ ಉಜ್ಜಿ ಉಜ್ಜಿ ಬೂದಿಬಣ್ಣವಾಗಿತ್ತು, ಮೂರನೆಯದು ಕಪ್ಪಗೆ ತುಂಬಿತ್ತು.

ಊಟದ ಬಿಡುವಿನಲ್ಲಿ ಅವಳನ್ನು ಕರೆಸಿದೆ. ಬಂದು ಮೇಜಿನ ಪಕ್ಕ ನಿಂತಳು.

"ನಂಗೆ ಗೊತ್ತಿರ್ಲಿಲ್ಲಮ್ಮ. ತಪ್ಪಾಯ್ತು" ಎಂದೆ.

"ನಿಮ್ದೇನಿಲ್ಲ ಮೇಷ್ಟ್ರೇ. ಬಾಲ ಹಾಕದೇ ಇದ್ದಿದ್ದು ನಾನೇ ಅಲ್ವಾ."

"ಆ ಕೊನೇದು..."

"ಮೊದ್ಲು ನಾಲ್ಕನೇದು ಹಾಕಿದ್ದೆ. ಆಮೇಲೆ ಒಳ್ಳೇದಾಗೋ ಪದ ಹಾಕಿ ಅಂತ ನೀವ್ ಹೇಳಿದ್ದು ಜ್ಞಾಪಕ ಬಂತು." ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವುತ್ತ ಅಂದಳು, "ಉಳಿದ ಹದಿನಾಲ್ಕು ಸುಲಭ ಇತ್ತು."

ನನಗೆ ಅಳು ಬಂತು. ಮಕ್ಕಳ ಮುಂದೆ ಅತ್ತವನಲ್ಲ, ಆದ್ದರಿಂದ ಕನ್ನಡಕ ತೆಗೆದು ಒರೆಸಿದೆ. ಅವಳು ಪ್ರಬಂಧದ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟಳು.

"ಇದನ್ನ ಸರಿಯಾಗಿ ತಿದ್ದಿ ಕೊಡಿ ಮೇಷ್ಟ್ರೇ. ಜೂನಲ್ಲಿ ಇಂಥದ್ದೇ ವಿಷಯ ಬಂದ್ರೆ ಅಂಕ ಹೋಗ್ಬಾರ್ದು."

ಕೆಂಪು ಪೆನ್ನು ತೆಗೆದುಕೊಂಡೆ. ಬರು ಎಂದಿದ್ದದ್ದನ್ನು ಬಂದ ಎಂದು ಮಾಡಿದೆ. ನಿಲ್ಲು, ನಿಂತ. ದಾಟಿಸು, ದಾಟಿಸಿದ. ಸೇದು, ಸೇದಿದ. ಒಂದೊಂದು ತಿದ್ದಿದಾಗಲೂ ಅವಳು ಅದನ್ನು ತುಟಿಯಲ್ಲೇ ಹೇಳಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಒಂಬತ್ತಾಯಿತು. ಕೊನೆಯ ಸಾಲು, ಅಪ್ಪ ನನ್ನನ್ನು ಪ್ರೀತಿಸು ಎಂದಿತ್ತು. ಪೆನ್ನಿನ ಮುಚ್ಚಳ ಹಾಕಲು ಹೋದೆ.

ಅವಳು ಆ ಪದದ ಮೇಲೆ ಬೆರಳಿಟ್ಟಳು. "ಇದೊಂದು ಉಳೀತು."

"ಇದನ್ನ ಭೂತಕಾಲ ಮಾಡೋದು ಬೇಡ. ಇದಕ್ಕೆ ಈಗಿನ ಕಾಲದ ಬಾಲಾನೇ ಹಾಕು. ತಪ್ಪಿಲ್ಲ."

"ಅಂಕ ಕತ್ತರಿಸಲ್ವಾ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹತ್ತು ಅಂಕ ಅವಳಿಗೆ ಏನೆಂದು ನನಗೆ ಗೊತ್ತಿತ್ತು, ತಿದ್ದುವವರು ಯಾರ ಮನೆಯ ಕಥೆಯನ್ನೂ ಕೇಳುವುದಿಲ್ಲವೆಂಬುದೂ ಗೊತ್ತಿತ್ತು.

"ಕತ್ತರಿಸಬಹುದು" ಎಂದೆ.

ಮೈಸುಯಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಬಗ್ಗಿ, ಆ ಪದಕ್ಕೆ ಭೂತಕಾಲದ ಬಾಲವನ್ನು ತಾನೇ ಬರೆದಳು.