ಒಂಟಿಗೈ ಮೇಸ್ತ್ರಿಯ ಹೆಂಡತಿ

ನಮ್ಮ ಮಾವ ತೀರಿಕೊಂಡು ಎರಡು ವರ್ಷವಾದರೂ ಅತ್ತೆ ಅವರೊಡನೆ ಜಗಳವಾಡುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತಲೇ ಶುರು. "ರೀ, ನಿನ್ನೆ ಆ ದೊಡ್ಡ ಪಾನಾ ಎಲ್ಲಿಟ್ರಿ?" ಎನ್ನುವರು. ಕಿವಿಗೊಟ್ಟು ಒಂದು ಕ್ಷಣ ನಿಲ್ಲುವರು. "ಅಲ್ಲಿಟ್ರೆ ನಂಗೆ ಹೇಗೆ ಗೊತ್ತಾಗ್ಬೇಕು, ನಾನೇನು ಕನಸು ಕಾಣ್ತೀನಾ?" ಎಂದು ಗೊಣಗುತ್ತಾ ಹೋಗಿ ಬೆಂಚಿನ ಕೆಳಗಿನಿಂದ ಎತ್ತಿಕೊಂಡು ಬರುವರು. ನಟ್ಟು ಬಿಚ್ಚುವ ಆ ಪಾನಾ ಅಲ್ಲೇ ಇರುತ್ತಿತ್ತು. ಮಗ, ಅಂದರೆ ನಮ್ಮವರು, ಸಂಜೆ ಅಲ್ಲಿ ಬಿಸಾಡಿದ್ದನ್ನು ಅವರೇ ನೋಡಿರುತ್ತಾರೆ, ಇದರಲ್ಲೇನು ಪವಾಡ ಎಂದು ನಾನು ಅಂದುಕೊಳ್ಳುತ್ತಿದ್ದೆ. ದೆವ್ವ ಭೂತ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಬದುಕಿರುವವರ ಕಾಟವೇ ಸಾಲದೇ?

ನಮ್ಮದು ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು. ತೋಟಗಳಲ್ಲಿ ಹುಲ್ಲು ಕತ್ತರಿಸುವ, ಮಣ್ಣು ಗೊಬ್ಬರ ಎತ್ತಿ ಹಾಕುವ ಪುಟ್ಟ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತೇವೆ, ಅದೂ ತಯಾರಿಸಿದವರೇ ಮರೆತುಬಿಟ್ಟಂಥ ಹಳೆಯವನ್ನು. ಅವುಗಳ ಬಕೆಟ್ಟು ಏಳುವುದೂ ಇಳಿಯುವುದೂ ಎಣ್ಣೆಯ ಒತ್ತಡದಿಂದ. ಪಂಪು, ಪೈಪು, ಸಿಲಿಂಡರು, ಅದರೊಳಗೆ ಎಣ್ಣೆ ಸೋರದಂತೆ ತಡೆಯುವ ಸೀಲು, ಇವುಗಳಲ್ಲಿ ಯಾವುದು ಮುನಿಸಿಕೊಂಡರೂ ಬಕೆಟ್ಟು ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ಆ ಮುನಿಸು ಬಿಡಿಸುವುದರಲ್ಲಿ ಮಾವನದು ಎತ್ತಿದ ಕೈ. ಅವರಿಗಿದ್ದದ್ದು ಒಂದೇ ಕೈ ಎನ್ನುವುದು ಬೇರೆ ಮಾತು.

ಮಣಿಕಟ್ಟಿನಿಂದ ಮುಂದಕ್ಕೆ ಅವರಿಗೆ ಬಲಗೈ ಇರಲಿಲ್ಲ. ಮಗ ಅಂಬೆಗಾಲಿಡುತ್ತಿದ್ದಾಗಲೇ ಹೋಗಿದ್ದು. ಓಡುತ್ತಿದ್ದ ಇಂಜಿನ್ನಿನ ಬೆಲ್ಟಿಗೆ ತೋಳಿನ ಬಟ್ಟೆ ಸಿಕ್ಕಿಕೊಂಡಿತಂತೆ, ಬಿಡಿಸಿಕೊಳ್ಳುವಷ್ಟರಲ್ಲಿ ಕೈಯನ್ನೇ ಎಳೆದುಕೊಂಡಿತಂತೆ. ಈ ಕಥೆಯನ್ನು ಮಾವ ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ಕೇಳಿದವರು ತಮ್ಮ ತಮ್ಮ ಕೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜನ ಅವರನ್ನು ಒಂಟಿಗೈ ಮೇಸ್ತ್ರಿ ಎಂದು ಕರೆದರು. ಅಂದಿನಿಂದ ಅವರು ಎಡಗೈಯಲ್ಲಿ ಬೋಲ್ಟು ಹಿಡಿದರೆ ಅತ್ತೆ ನಟ್ಟು ತಿರುಗಿಸುತ್ತಿದ್ದರು. ತಲೆಗೆ ತಲೆ ತಾಗಿಸಿಕೊಂಡು, ಬೈದಾಡಿಕೊಂಡು, ಅವರಿಬ್ಬರೂ ಸೇರಿ ಒಬ್ಬ ಮೆಕ್ಯಾನಿಕ್ ಆಗಿದ್ದರು. ಊರಿನಲ್ಲಿ ಯಾವ ಗಂಡ ಹೆಂಡತಿಯೂ ಅಷ್ಟು ಮಾತಾಡಿರಲಾರರು.

ಅಪ್ಪನ ಕಥೆ ಕೇಳಿ ಬೆಳೆದ ನಮ್ಮವರಿಗೆ ಬೆಲ್ಟೆಂದರೆ ಜೀವಭಯ. ಯಾವ ಗಾಡಿ ಬಂದರೂ ಮೊದಲು ಅದರ ಬೆಲ್ಟಿಗೆ ಜಾಲರಿ ಹೊದಿಸಿ ಆಮೇಲೆ ಏನು ತೊಂದರೆ ಎಂದು ಕೇಳುವರು. ನನ್ನ ಹೊಲಿಗೆ ಯಂತ್ರದ ಬೆಲ್ಟು ಕಂಡರೂ "ಕೈ ಜೋಪಾನ" ಎನ್ನುವ ಗಂಡಸು.

ಆ ಟ್ರ್ಯಾಕ್ಟರು ಬಂದದ್ದು ಒಂದು ಮಧ್ಯಾಹ್ನ. ಸಸಿ ಮಾರುವಾಕೆಯೊಬ್ಬಳು ಗುಜರಿಯಿಂದ ಕೊಂಡು, ಹಸಿರು ಬಣ್ಣ ಬಳಿಸಿ, ತಾನೇ ಓಡಿಸಿಕೊಂಡು ಬಂದಿದ್ದಳು. ಅತ್ತೆ ಒಳಗೆ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತಾ ಕುಳಿತಿದ್ದರು. ಇಂಜಿನ್ನಿನ ಸದ್ದು ಗೇಟು ದಾಟುತ್ತಲೇ ಅವರ ಕೈಯಿಂದ ತಟ್ಟೆ ಜಾರಿತು. ಒದ್ದೆ ಕೈಯಲ್ಲೇ ಎದ್ದು ಬಂದು ಗಾಡಿಯ ಹಿಂದೆ ಬಗ್ಗಿ, ಬಣ್ಣದಡಿ ಉಬ್ಬಿಕೊಂಡಿದ್ದ ಒಂದು ವೆಲ್ಡಿಂಗ್ ಗುರುತನ್ನು ಬೆರಳಿನಿಂದ ಸವರಿದರು.

"ಇದು ನಿಮ್ಮಪ್ಪನ ಗಾಡಿ. ಕೈ ಹೋದ್ಮೇಲೆ ಗುಜರಿಗೆ ಹಾಕಿದ್ದು. ವಾಪಸ್ ಕಳ್ಸು ಮಗಾ."

ನಮ್ಮವರು ನಕ್ಕರು. "ಬಂದ ಗಿರಾಕೀನ ಓಡಿಸ್ತಾರೇನಮ್ಮ? ಬೆಲ್ಟಿಗೆ ಡಬಲ್ ಜಾಲರಿ ಹಾಕ್ತೀನಿ, ಆಯ್ತಾ?"

"ಎತ್ತಿದ ಬಕೆಟ್ಟು ನಿಲ್ತಾನೇ ಇಲ್ಲ, ತಂತಾನೇ ಇಳಿಯತ್ತೆ" ಎಂದು ಹೇಳಿ ಸಸಿಯಾಕೆ ಹೋದಳು. ನಿಜ. ಸಂಜೆಯವರೆಗೂ ನೋಡಿದೆ. ಎತ್ತಿ ನಿಲ್ಲಿಸಿದ ಬಕೆಟ್ಟು ಯಾರೂ ಮುಟ್ಟದೆ ಕೂದಲೆಳೆಯಷ್ಟೇ ಇಳಿಯುತ್ತಾ, ನಡುನಡುವೆ ನಿಟ್ಟುಸಿರು ಬಿಡುತ್ತಾ ನೆಲ ಸೇರುತ್ತಿತ್ತು. ಸೀಲು ಸವೆದರೆ ಹಾಗಾಗುತ್ತದೆ, ನನಗೂ ಗೊತ್ತು. ಆದರೂ ಆ ನಿಟ್ಟುಸಿರು ಕೇಳಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

ಅತ್ತೆ ಅದರೆದುರು ಸ್ಟೂಲು ಹಾಕಿಕೊಂಡು ಕುಳಿತುಬಿಟ್ಟಿದ್ದರು. ಟೀ ತೆಗೆದುಕೊಂಡು ಹೋದವಳು ಬಾಗಿಲಲ್ಲೇ ನಿಂತೆ. ಮಾವನೊಡನೆ ಮಾತು ನಡೆದಿತ್ತು. ಎಂದಿನ ಜಗಳದ ದನಿಯಲ್ಲ, ಗೋಗರೆಯುವ ದನಿ.

"ಹೇಳಲ್ಲ ಅಂದ್ನಲ್ಲ. ಇಷ್ಟು ವರ್ಷ ಹೇಳಿದೀನಾ? ಆದ್ರೆ ಅವನು ಕೈ ಇಡ್ತಾನೆ ರೀ, ನೀವು ಕಲಿಸಿದ ಹಾಗೇ ಇಡ್ತಾನೆ." ಕಿವಿಗೊಟ್ಟರು. ಕಣ್ಣಲ್ಲಿ ನೀರು ತುಂಬಿತು. "ಹೇಳಿದ್ರೆ ಇನ್ಮೇಲೆ ಮಾತಾಡಲ್ಲ ಅಂತೀರಿ. ನೀವೂ ಮಾತಾಡದೆ ಹೋದ್ರೆ ಈ ಶೆಡ್ಡಿಗೆ ನಾನು ಯಾರಿಗೋಸ್ಕರ ಬರ್ಲಿ?"

"ಏನು ಹೇಳ್ಬಾರ್ದು ಅತ್ತೆ?" ಎಂದು ಕೇಳಿಯೇಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿ ಬೆನ್ನು ತಿರುಗಿಸಿದರು. ಟೀ ಹಾಗೇ ಆರಿತು.

ಮರುದಿನ ನಮ್ಮವರು ಸಿಲಿಂಡರು ಬಿಚ್ಚಿ ಹೊಸ ಸೀಲು ಹಾಕಿ ಜೋಡಿಸಿದರು. ಬೆಲ್ಟಿಗೆ ಜಾಲರಿ, ಅದರ ಮೇಲೆ ಇನ್ನೊಂದು ಜಾಲರಿ. ನನ್ನನ್ನು ಸೀಟಿನ ಮೇಲೆ ಕೂರಿಸಿ ಬಕೆಟ್ಟು ಎತ್ತುವ ಲಿವರ್ ಎಳೆದು ಹಿಡಿದಿರಲು ಹೇಳಿದರು. ಬಕೆಟ್ಟಿನಲ್ಲಿ ಕಲ್ಲು ತುಂಬಿತ್ತು. ಅದು ಎದ್ದಿತು, ಆದರೆ ನಡುಗುತ್ತಿತ್ತು. ಎಲ್ಲಿಂದಲೋ ಎಣ್ಣೆ ಸೋರುತ್ತಿದೆ, ಎಲ್ಲಿಂದ ಎಂದು ಕಾಣದು. ಮಾವ ಅಂಥ ಹೊತ್ತಿನಲ್ಲಿ ಹೇಳುತ್ತಿದ್ದ ಮಾತೊಂದಿತ್ತು: ಮೆಕ್ಯಾನಿಕ್ಕನ ಕಣ್ಣು ಬೆರಳ ತುದಿಯಲ್ಲಿರಬೇಕು. ನಮ್ಮವರು ಕೈ ಒರೆಸಿಕೊಂಡು ರಬ್ಬರ್ ಪೈಪಿನ ಉದ್ದಕ್ಕೂ ಮೆಲ್ಲಗೆ ಬೆರಳಾಡಿಸತೊಡಗಿದರು.

ಆಗ ನನ್ನ ಕೈಯಲ್ಲಿದ್ದ ಲಿವರ್ ಹಿಂದಕ್ಕೆ ಒತ್ತಿತು. ಕೈ ಬಿಟ್ಟರೆ ಪಂಪಿನ ಒತ್ತಡ ನಿಲ್ಲಲೆಂದು ಅದರೊಳಗೆ ಸ್ಪ್ರಿಂಗ್ ಇದೆ, ಒತ್ತಬೇಕಾದ್ದೇ. ಆದರೆ ಸ್ಪ್ರಿಂಗ್ ಒತ್ತುವುದು ಒಂದೇ ಸಮನೆ. ಇದು ತಡೆದು ತಡೆದು ತಳ್ಳುತ್ತಿತ್ತು, ಬೆರಳಿಲ್ಲದ ಮೊಂಡು ಕೈಯೊಂದು ತಳ್ಳಿದ ಹಾಗೆ. ಹೆದರಿ ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಸ್ಸ್" ಎಂದು ನಮ್ಮವರು ಕೈ ಹಿಂತೆಗೆದು, ತೋರುಬೆರಳನ್ನು ನೋಡಿಕೊಂಡು, ಅಂಗಿಗೆ ಒರೆಸಿದರು. "ಏನಿಲ್ಲ, ಇರುವೆ ಕಚ್ಚಿದ ಹಾಗಾಯ್ತು. ಆಫ್ ಮಾಡು, ತೂತು ಸಿಕ್ತು."

ಇಂಜಿನ್ನು ನಿಂತಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಮಗನನ್ನಲ್ಲ, ಮಗನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದರು.

"ಇಲ್ಲ ರೀ" ಎಂದರು. "ಕ್ಷಮಿಸಿ. ನನ್ನ ಕೈಲಾಗಲ್ಲ."

ಆಮೇಲೆ ಮಗನ ಹತ್ತಿರ ಬಂದು ಆ ಬೆರಳು ಹಿಡಿದು ಬೆಳಕಿಗೆ ತಿರುಗಿಸಿದರು. ಸೂಜಿ ಚುಚ್ಚಿದಂಥ ಒಂದು ಚುಕ್ಕೆ. ರಕ್ತ ಕೂಡ ಸರಿಯಾಗಿ ಬಂದಿರಲಿಲ್ಲ.

"ಆಸ್ಪತ್ರೆಗೆ ನಡಿ. ಈಗ್ಲೇ."

"ಇದಕ್ಕಾ?"

"ನಿಮ್ಮಪ್ಪನ ಕೈ ತಗೊಂಡಿದ್ದು ಬೆಲ್ಟಲ್ಲ ಮಗಾ. ಇದೇ. ಈ ಪೈಪಲ್ಲಿ ಕಣ್ಣಿಗೆ ಕಾಣದ ತೂತು. ಒತ್ತಡಕ್ಕೆ ಎಣ್ಣೆ ಸೂಜಿ ಹಾಗೆ ಚರ್ಮದೊಳಗೆ ನುಗ್ಗತ್ತೆ. ಅವರೂ ಇರುವೆ ಕಚ್ತು ಅಂದ್ರು, ನಕ್ಕರು, ಊಟ ಮಾಡಿ ಮಲಗಿದ್ರು. ಎದ್ದಾಗ ಕೈ ಬಾತು ಕಪ್ಪಾಗ್ತಾ ಇತ್ತು. ಆಸ್ಪತ್ರೆಗೆ ಹೋಗೋಣ ಅಂದ್ರೆ ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂದ್ರು. ಆಮೇಲೆ ಕೊಡಲೀನೇ ಬೇಕಾಯ್ತು."

ನಮ್ಮವರು ತಾಯಿಯ ಕೈಯಿಂದ ಬೆರಳು ಕಿತ್ತುಕೊಂಡರು. "ಅಪ್ಪ ಸುಳ್ಳು ಹೇಳಿದ್ರು ಅಂತೀಯಾ? ನನಗೆ?"

"ಹೇಳಿದ್ರು. ಅಷ್ಟು ದೊಡ್ಡ ಮೇಸ್ತ್ರಿ, ಒಂದು ತೊಟ್ಟು ಎಣ್ಣೆಗೆ ಕೈ ಕಳ್ಕೊಂಡ ಅಂದ್ರೆ ಜನ ನಗ್ತಾರೆ ಅಂತ. ಬೆಲ್ಟಾದ್ರೆ ಮರ್ಯಾದೆ ಉಳಿಯತ್ತೆ ಅಂತ. ಸಾಯೋವಾಗ್ಲೂ ನನ್ನಿಂದ ಮಾತು ತಗೊಂಡ್ರು."

ಆಗ ಎದ್ದು ನಿಂತಿದ್ದ ಬಕೆಟ್ಟು ಕಲ್ಲುಗಳ ಸಮೇತ ದಢಾರನೆ ನೆಲಕ್ಕೆ ಬಿತ್ತು. ಶೆಡ್ಡಿನ ತಗಡೆಲ್ಲ ಗಡಗಡ ಎಂದಿತು. ಪೈಪು ಬಿರಿದಿತ್ತು, ಎಣ್ಣೆ ನೆಲದ ಮೇಲೆ ಹರಿಯುತ್ತಿತ್ತು. ಕಾರಣ ಇಲ್ಲದ್ದೇನಲ್ಲ. ಆದರೂ ಅತ್ತೆ ಹೊಡೆತ ಬಿದ್ದವರಂತೆ ಕಣ್ಣು ಮುಚ್ಚಿಕೊಂಡು ನಿಂತರು.

ನಮ್ಮವರು ಇನ್ನೂ ವಾದಕ್ಕೆ ನಿಂತಿದ್ದರು. ನನಗೆ ತಲೆ ಕೆಟ್ಟಿತು. "ಅಪ್ಪನ ಮರ್ಯಾದೆ ಆಮೇಲೆ ಅಳೆಯೋಣ. ಬೆರಳು ಮಡಚಿ ನೋಡೋಣ" ಎಂದೆ. ಅವರು ಮಡಚಲು ಹೋದರು. ಬೆರಳು ಅರ್ಧಕ್ಕೇ ನಿಂತಿತು. ತುದಿ ಬೆಳ್ಳಗಾಗಿತ್ತು. ಅವರೇ ಮೊದಲು ಗೇಟಿನತ್ತ ನಡೆದರು.

ಆಸ್ಪತ್ರೆಯಲ್ಲಿ ವೈದ್ಯೆ ಆ ಚುಕ್ಕೆಯನ್ನು ನೋಡಿ, ಯಾವ ಎಣ್ಣೆ, ಎಷ್ಟು ಹೊತ್ತಾಯಿತು ಎಂದು ಕೇಳಿದಳು. ಉತ್ತರ ಮುಗಿಯುವಷ್ಟರಲ್ಲಿ ಗಾಲಿಮಂಚ ಬಂದಿತ್ತು. ಬೆರಳಿನಿಂದ ಅಂಗೈವರೆಗೆ ಕೊಯ್ದು ತೊಳೆದರಂತೆ. ತೋರುಬೆರಳಿನ ಮೇಲಿನ ಗೆಣ್ಣು ಹೋಯಿತು, ಕೈ ಉಳಿಯಿತು. ಆ ರಾತ್ರಿ ಮಲಗಿ ಮರುದಿನ ಬಂದಿದ್ದರೆ ಏನಾಗುತ್ತಿತ್ತೆಂದು ವೈದ್ಯೆ ಹೇಳಲು ಹೊರಟಳು. ನಾನೇ ಬೇಡವೆಂದೆ.

ಹೊರಗೆ ಬೆಂಚಿನ ಮೇಲೆ ಕುಳಿತು ಮಾವನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪು ಮಾಡಿದ್ದು ಪೈಪು, ಅಪವಾದ ಹೊತ್ತದ್ದು ಬೆಲ್ಟು. ಮಗ ಜೀವಮಾನವೆಲ್ಲ ಬೆಲ್ಟನ್ನು ಕಾಯುತ್ತಾ ಪೈಪಿಗೆ ಬರಿಗೈ ಕೊಟ್ಟ. ತನ್ನ ಮರ್ಯಾದೆ ಮಗನ ಕೈಗಿಂತ ಹೆಚ್ಚಾಯಿತೇ ಆ ಮನುಷ್ಯನಿಗೆ?

ನಮ್ಮವರು ಮನೆಗೆ ಬಂದ ಮೇಲೆ ತಾಯಿಯನ್ನು ಒಂದೇ ಒಂದು ಮಾತು ಕೇಳಿದರು, "ಮೊದಲೇ ಯಾಕಮ್ಮ ಹೇಳ್ಲಿಲ್ಲ?" ಅತ್ತೆ ಬ್ಯಾಂಡೇಜು ಸುತ್ತಿದ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕುಳಿತರು. ಮಗ ಕೈ ಎಳೆದುಕೊಳ್ಳಲಿಲ್ಲ.

ಮನೆ ನೆಟ್ಟಗಾಯಿತು, ಶೆಡ್ಡು ಆಗಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಬಾಗಿಲು ತೆಗೆದು "ರೀ" ಎಂದರು. ಕಿವಿಗೊಟ್ಟರು. ಮತ್ತೆ "ರೀ" ಎಂದರು. ಆಮೇಲೆ ತಾವೇ ಒಂದೊಂದು ಡಬ್ಬ ಸರಿಸಿ ಪಾನಾ ಹುಡುಕತೊಡಗಿದರು. ಮಧ್ಯಾಹ್ನವಾದರೂ ಸಿಗಲಿಲ್ಲ. ಹೀಗೇ ದಿನಗಳು ಹೋದವು. ಆ ಮೌನದಲ್ಲಿ ತಗಡಿನ ಮೇಲೆ ಕಾಗೆ ಕುಳಿತರೂ ಬೆಚ್ಚಿಬೀಳುವಂತಾಯಿತು. ಅವರ ಒಬ್ಬಂಟಿ ಜಗಳಕ್ಕೆ ಎರಡು ವರ್ಷ ರೇಗಿದ್ದ ನಾನೇ ಈಗ ಅಡುಗೆಮನೆಯಲ್ಲಿ ಕೈ ನಿಲ್ಲಿಸಿ ಅದು ಕೇಳೀತೇ ಎಂದು ಕಾಯುತ್ತಿದ್ದೆ.

"ಮಾತು ಬಿಟ್ಟಿದ್ದಾರೆ ಕಣೇ" ಎಂದರು ಅತ್ತೆ ಒಂದು ದಿನ.

"ಮಗನ ಕೈ ಉಳೀತಲ್ಲ ಅತ್ತೆ."

"ಉಳೀತು. ತಪ್ಪಾಯ್ತು ಅಂದ್ಬಿಟ್ರೆ ಬರ್ತಾರೆ, ನಂಗೊತ್ತು. ಸಾವಿರ ಸಲ ತಪ್ಪಾಯ್ತು ಅಂದವಳೇ ನಾನು, ನಂದಲ್ಲದಕ್ಕೂ. ಇದಕ್ಕೆ ಮಾತ್ರ ಬಾಯಿ ಬರ್ತಿಲ್ಲ. ತಪ್ಪಾಗಿಲ್ಲ ಅಲ್ವಾ?"

ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟೆ. ಸೀದಾ ಶೆಡ್ಡಿಗೆ ಹೋದೆ. ಬೆಂಚಿನೆದುರು ನಿಂತು, ನಾನು, ದೆವ್ವ ಭೂತ ನಂಬದವಳು, ಗಟ್ಟಿಯಾಗಿ ಹೇಳಿದೆ: "ಮಾವ, ಸಾಕು ನಿಮ್ಮ ಬಿಗುಮಾನ. ಸತ್ತ ಮೇಲೂ ಒಬ್ಬ ಮನುಷ್ಯನಿಗೆ ಇಷ್ಟು ಹಠ ಒಳ್ಳೇದಲ್ಲ. ನಿಮ್ಮ ಕೈಯಾಗಿ ಬದುಕಿದವಳು ಅವರು. ಒಂದು ಮಾತಾಡಿ. ಬೈಯೋದಾದ್ರೂ ಬೈರಿ." ಹೇಳಿ ಮುಗಿಸಿ ಕಾದೆ. ನಿಜವಾಗಿಯೂ ಕಿವಿಗೊಟ್ಟು ಕಾದೆ.

ತಿರುಗಿದರೆ ಬಾಗಿಲಲ್ಲಿ ಅತ್ತೆ. ಎಲ್ಲ ಕೇಳಿಸಿಕೊಂಡಿದ್ದರು.

"ಏನಂದ್ರು?" ಎಂದು ಕೇಳಿದರು. ಆ ಮುಖದಲ್ಲಿದ್ದ ಆಸೆಯನ್ನು ನೋಡಲಾಗಲಿಲ್ಲ.

"ನೀವು ಹೇಳಿದ್ದೇ ಒಳ್ಳೇದಾಯ್ತು ಅಂದ್ರು ಅತ್ತೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಧಾನವಾಗಿ ನಕ್ಕು, ನನ್ನ ಕೆನ್ನೆ ತಟ್ಟಿದರು.

"ಹಾಗಂದಿದ್ರೆ ಅದು ಅವರಲ್ಲ ಬಿಡು" ಎಂದು ಹೇಳಿ ಮನೆಯೊಳಗೆ ಹೋದರು.