ಅಂಟು

ಅಡುಗೆಮನೆಯಿಂದ ಬಂದ ಸದ್ದು ಬೆಕ್ಕಿನದೆಂದು ಪಂಕಜಳಿಗೆ ಮೊದಲು ಹೊಳೆಯಲೇ ಇಲ್ಲ. ಒಣಗಿದ ಬಟ್ಟೆಗಳನ್ನು ಮಡಿಸುತ್ತ ನಡುಮನೆಯಲ್ಲಿ ಕೂತಿದ್ದವಳು, ಕುಕ್ಕರಿನ ಗ್ಯಾಸ್ಕೆಟ್ಟು ಮತ್ತೆ ಕೈಕೊಟ್ಟಿತೇನೋ ಅಂದುಕೊಂಡಳು. ಅನ್ನ ಬೆಳಿಗ್ಗೆಯೇ ಆಗಿದೆ, ಒಲೆ ಆರಿಸಿ ಎಷ್ಟೋ ಹೊತ್ತಾಗಿದೆ ಎಂಬುದು ನೆನಪಾದ ಮೇಲೆ ಎದ್ದು ಓಡಿದಳು.

ಬೆಲ್ಲ ಎಂಬ ಹೆಸರಿನ ಆ ಬೆಕ್ಕು ಗ್ಯಾಸ್ ಕಟ್ಟೆಯ ಕೆಳಗಿನಿಂದ ಹೊರಗೆ ಬರಲು ಒದ್ದಾಡುತ್ತಿತ್ತು. ಅದರ ಜೊತೆಗೆ ಇಲಿ ಹಿಡಿಯುವ ಅಂಟಿನ ರಟ್ಟೂ ಬರುತ್ತಿತ್ತು. ನಿನ್ನೆ ಸಂಜೆ ಪಂಕಜಳೇ ತಂದು, ಪುಸ್ತಕದಂತೆ ಬಿಡಿಸಿ, ಸಿಲಿಂಡರಿನ ಪಕ್ಕ ಇಟ್ಟಿದ್ದ ರಟ್ಟು. ಈಗ ಅದು ಬೆಕ್ಕಿನ ಬಲ ಪಕ್ಕೆಯನ್ನೂ ಒಂದು ಮುಂಗಾಲನ್ನೂ ಸೇರಿಸಿ ಹಿಡಿದಿತ್ತು. ಬೆಲ್ಲ ಒಮ್ಮೆ ಎಗರಿ, ಗೋಡೆಗೆ ಬಡಿದು, ಮಗುಚಿ ಬಿತ್ತು. ಅಷ್ಟು ಹೊತ್ತೂ ಕೂಗುತ್ತಿದ್ದದ್ದು ಆಗ ಸುಮ್ಮನಾಯಿತು. ಬಾಯಿ ತೆರೆದುಕೊಂಡು, ನಾಲಿಗೆ ಹೊರಚಾಚಿ, ನಾಯಿಯ ಹಾಗೆ ಏದುಸಿರು ಬಿಡತೊಡಗಿತು.

ಪಂಕಜ ಕೂತು ರಟ್ಟಿನ ಅಂಚು ಹಿಡಿದು ಮೆಲ್ಲಗೆ ಎಳೆದಳು. ಕೂದಲಿನ ಜೊತೆ ಚರ್ಮವೂ ಡೇರೆಯಂತೆ ಮೇಲೆದ್ದು ಬಂತು. ಬೆಕ್ಕು ಅವಳ ಮಣಿಕಟ್ಟಿಗೆ ಉಗುರಿಳಿಸಿತು. ಕೈ ಹಿಂದಕ್ಕೆಳೆದುಕೊಂಡು, ಗೋಡೆಗೆ ಒರಗಿ, ಅವಳು ಮಾಡಿದ ಮೊದಲ ಕೆಲಸವೆಂದರೆ ತಂಗಿ ಶುಭಾಳಿಗೆ ಫೋನ್ ಹಚ್ಚಿದ್ದು.

ಬೆಕ್ಕು ಶುಭಾಳದ್ದು. ಸಿಲಿಂಡರು ಬದಲಿಸುವುದು, ನಲ್ಲಿಗೆ ವಾಷರ್ ಹಾಕುವುದು, ಗೋಡೆಗೆ ಮೊಳೆ ಹೊಡೆಯುವುದು, ಎಲ್ಲ ಅವಳ ಪಾಲಿನವು. ಶಿಡ್ಲಘಟ್ಟದ ಈ ಬಾಡಿಗೆ ಮನೆಗೆ ಅಕ್ಕ ತಂಗಿ ಇಬ್ಬರೇ ಬಂದಾಗಿನಿಂದ ಹಾಗೆ. ಅಕ್ಕ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ, ತಂಗಿ ಒಂದು ಶಾಲೆಯಲ್ಲಿ ಟೀಚರು. ಅಡುಗೆ, ಬ್ಯಾಂಕು, ನೆಂಟರಿಷ್ಟರ ಮದುವೆ ಮುಂಜಿ ಪಂಕಜಳಿಗೆ. ಸ್ಕ್ರೂಡ್ರೈವರು, ಬೆಕ್ಕು, ಬೀದಿಯ ಮಾತುಕತೆ ಶುಭಾಳಿಗೆ. ಇಬ್ಬರಿಗೂ ಮದುವೆಯ ವಯಸ್ಸು ದಾಟಿತೆಂದು ಊರೂ ನೆಂಟರೂ ಸುಮ್ಮನಾದ ಮೇಲೆ, ಹೋದ ಮಾಘದಲ್ಲಿ, ಗೌರಿಬಿದನೂರಿನ ಹರಿಕೃಷ್ಣನ ಕಡೆಯಿಂದ ಶುಭಾಳಿಗೆ ಸಂಬಂಧ ಬಂತು. ಹೆಂಡತಿ ಸತ್ತ ಮನುಷ್ಯ, ಮೇಷ್ಟ್ರು, ಸಾಧು. ಶುಭಾ ಬೇಡವೆಂದಳು. "ನನ್ನ ಯೋಚನೆ ಬಿಡು, ನಾನೇನು ಮಗುವಾ," ಎಂದು ಗದರಿ ಒಪ್ಪಿಸಿದ್ದು ಪಂಕಜಳೇ. ಹರಿಕೃಷ್ಣನಿಗೆ ಉಬ್ಬಸ, ಬೆಕ್ಕಿನ ಕೂದಲು ಆಗದು. ಹಾಗಾಗಿ ಶುಭಾ ಮದುವೆಯಾಗಿ ಹೋದಾಗ ಬೆಲ್ಲ ಇಲ್ಲೇ ಉಳಿಯಿತು.

ಮೊದಮೊದಲು ಪಂಕಜ ಎಲ್ಲದಕ್ಕೂ ತಂಗಿಗೆ ಫೋನ್ ಮಾಡುತ್ತಿದ್ದಳು. ರೆಗ್ಯುಲೇಟರು ಕೂರುತ್ತಿಲ್ಲ, ಏನು ಮಾಡಲಿ. ಫ್ಯೂಸು ಹೋಗಿದೆ, ಯಾವ ತಂತಿ. ಬೆಕ್ಕಿನ ಉಗುರು ಕತ್ತರಿಸುವಾಗ ರಕ್ತ ಬಂತು. ಶುಭಾ ನಗುತ್ತ ಹೇಳಿಕೊಡುತ್ತಿದ್ದಳು: ಉಗುರನ್ನು ಬೆಳಕಿಗೆ ಹಿಡಿದು ನೋಡು, ಕೆಂಪು ಕಾಣುವ ಕಡೆಗೆ ಹೋಗಬೇಡ. ಬರಬರುತ್ತ ಆ ಕಡೆಯಿಂದ ಬೇರೆ ದನಿಗಳು ಕೇಳತೊಡಗಿದವು. ಯಾರೋ ಕರೆಯುವುದು, ಶುಭಾ ಫೋನನ್ನು ಕೈಯಿಂದ ಮುಚ್ಚಿ "ಬಂದೆ" ಅನ್ನುವುದು. ಆಮೇಲೆ ಪಂಕಜ ತಾನೇ ಕಲಿಯತೊಡಗಿದಳು. ಮೊಳೆ ಹೊಡೆಯುವಾಗ ಅದನ್ನು ಬೆರಳಿನಿಂದಲ್ಲ, ಬಾಚಣಿಗೆಯ ಹಲ್ಲುಗಳ ನಡುವೆ ಹಿಡಿಯಬೇಕೆಂಬುದು ಹೆಬ್ಬೆರಳು ಕಪ್ಪಾದ ಮೇಲೆ ತಿಳಿಯಿತು. ಮಿಕ್ಸಿ ಜಾರಿನ ಮುಚ್ಚಳ ಒತ್ತಿ ಹಿಡಿಯಬೇಕೆಂಬುದು ಚಟ್ನಿ ಗೋಡೆಗೆಲ್ಲ ಹಾರಿದ ಮೇಲೆ. ಕಲಿತದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಬೆಲ್ಲ ಇತ್ತು. ಅದು ಶುಭಾಳ ಮಂಚದ ಕೆಳಗೆ ಕೂತು, ಇವಳು ಹಾಕಿದ್ದನ್ನು ತಿಂದು, ಮತ್ತೆ ಮಂಚದ ಕೆಳಗೆ ಹೋಗುತ್ತಿತ್ತು. ಇವಳ ಹತ್ತಿರ ಬಂದದ್ದಿಲ್ಲ.

ಫೋನ್ ಎತ್ತಿಕೊಂಡದ್ದು ಹರಿಕೃಷ್ಣ. ಇವತ್ತು ಮನೆಯಲ್ಲಿ ತಿಥಿ, ಶುಭಾ ಮಡಿಯಲ್ಲಿದ್ದಾಳೆ, ಬ್ರಾಹ್ಮಣರು ಎಲೆ ಮುಂದೆ ಕೂತಿದ್ದಾರೆ ಎಂದು ದನಿ ತಗ್ಗಿಸಿ ಹೇಳಿದ. "ಅರ್ಜೆಂಟೇನಾದ್ರೂ ಇತ್ತಾ ಅಕ್ಕ?"

ಬೆಲ್ಲ ಸಿಲಿಂಡರಿಗೆ ತಲೆ ಆನಿಸಿಕೊಂಡು ಬಿದ್ದಿತ್ತು. ಅದರ ಹೊಟ್ಟೆ ತಿದಿಯಂತೆ ಏರಿಳಿಯುತ್ತಿತ್ತು.

"ಇಲ್ಲ, ಸುಮ್ನೆ ಮಾಡ್ದೆ," ಎಂದಳು ಪಂಕಜ.

ಪಶು ಆಸ್ಪತ್ರೆ ಭಾನುವಾರ ಮಧ್ಯಾಹ್ನ ತೆರೆದಿರುವುದಿಲ್ಲ. ತೆರೆದಿದ್ದರೂ ಈ ಸ್ಥಿತಿಯಲ್ಲಿ ಬೆಕ್ಕನ್ನು ಎತ್ತಿಕೊಂಡು ಹೋಗುವುದು ಹೇಗೆ. ಕತ್ತರಿ ತಂದಳು, ಕೂದಲೆಲ್ಲಿ, ಚರ್ಮವೆಲ್ಲಿ ಗೊತ್ತಾಗದೆ ಕೆಳಗಿಟ್ಟಳು. ಅವಳ ಬೆರಳುಗಳಿಗೂ ಅಂಟು ಹತ್ತಿತ್ತು. ಒಂದಕ್ಕೊಂದು ಮೆತ್ತಿಕೊಂಡ ಬೆರಳುಗಳನ್ನು ಬಿಡಿಸಿಕೊಳ್ಳುತ್ತಿದ್ದಾಗ ಹಲಸಿನ ಹಣ್ಣು ನೆನಪಾಯಿತು. ಅಮ್ಮ ಹಲಸು ಬಿಡಿಸುವ ಮುಂಚೆ ಅಕ್ಕ ತಂಗಿಯರಿಬ್ಬರ ಕೈಗೂ ಎಣ್ಣೆ ಸವರುತ್ತಿದ್ದಳು. ಮೇಣ ಹತ್ತಿದರೆ ನೀರಿಗಲ್ಲ, ಎಣ್ಣೆಗೆ ಬಿಡುತ್ತದೆ. ಪಂಕಜ ಕಡಲೇಕಾಯಿ ಎಣ್ಣೆಯ ಡಬ್ಬ ಇಳಿಸಿ ಬೆರಳಿಗೆ ಹಚ್ಚಿ ಉಜ್ಜಿದಳು. ಅಂಟು ಕರಗಿ, ಉರುಟಿ, ಕೆಳಗೆ ಬಿತ್ತು.

ಹಳೆಯ ಟವೆಲ್ಲನ್ನು ಬೆಕ್ಕಿನ ತಲೆಯ ಮೇಲೆ ಹೊದಿಸಿ, ಒಂದು ಕೈಯಲ್ಲಿ ಒತ್ತಿಹಿಡಿದು ಇನ್ನೊಂದರಲ್ಲಿ ಎಣ್ಣೆ ಬಿಡಲು ನೋಡಿದಳು. ಬೆಲ್ಲ ನುಣುಚಿ ಎಗರಿತು, ರಟ್ಟಿನ ಇನ್ನೊಂದು ಮಡಿಕೆ ಬಾಲಕ್ಕೂ ಅಂಟಿತು. ಎರಡನೆಯ ಸಲ ಡಬ್ಬವೇ ಉರುಳಿತು. ಎಣ್ಣೆಯಲ್ಲಿ ಕೂತಿದ್ದ ಪಂಕಜಳಿಗೆ ಸ್ಪಷ್ಟವಾದದ್ದು ಇಷ್ಟೇ: ಇದು ಎರಡು ಕೈಯ ಕೆಲಸವಲ್ಲ. ಹಿಡಿಯಲು ಎರಡು ಬೇಕು, ಬಿಡಿಸಲು ಎರಡು ಬೇಕು. ಮನೆಯ ಮಾಲೀಕರು ಮದುವೆಗೆಂದು ಚಿಂತಾಮಣಿಗೆ ಹೋಗಿದ್ದರು. ಕಾಲೇಜಿನವರ ಹೆಸರುಗಳನ್ನು ಒಂದೊಂದಾಗಿ ನೆನೆದಳು. ಯಾರೊಬ್ಬರ ಮನೆಗೂ ತಾನು ಹೋದದ್ದಿಲ್ಲ, ಅವರೂ ಬಂದದ್ದಿಲ್ಲ. ಬೆಕ್ಕು ಹಿಡಿಯಲು ಬನ್ನಿ ಎಂದು ಕರೆಯುವಂಥ ಸಲಿಗೆ ಯಾರೊಡನೆಯೂ ಇಲ್ಲ.

ಎದುರು ಮನೆಯ ಜಗಲಿಯ ಮೇಲೆ ಹೆಂಗಸೊಬ್ಬಳು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ದಿನವೂ ಕಾಣುವ ಮುಖ. ಕಂಡಾಗ ಪಂಕಜ ತಲೆ ಅಲ್ಲಾಡಿಸಿ ಬಸ್ಸಿಗೆ ನಡೆಯುವುದು ವಾಡಿಕೆ. ಇವತ್ತು ಬೀದಿ ದಾಟಿ ಆ ಮನೆಯ ಮುಂದೆ ನಿಂತಾಗ ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ. ಹೆಸರು ಗೊತ್ತಿರಲಿಲ್ಲ. ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಮಣಿಕಟ್ಟಿನಲ್ಲಿ ರಕ್ತ.

"ಏನಾಯ್ತು ಪಂಕಜಮ್ಮ?" ಎಂದು ಆ ಹೆಂಗಸೇ ಎದ್ದಳು.

ಪಂಕಜ ಹೇಳಿದಳು. ಆಕೆ ಮೊರವನ್ನು ಬದಿಗಿಟ್ಟು ಸೆರಗು ಸಿಕ್ಕಿಸಿಕೊಂಡಳು. "ನಂಗೆ ಬೆಕ್ಕು ಅಂದ್ರೆ ಭಯ ಕಣಮ್ಮ, ಚಿಕ್ಕೋಳಿದ್ದಾಗ ಕಚ್ಚಿತ್ತು. ನಡೀರಿ, ಬರ್ತೀನಿ," ಅಂದಳು.

ಭಯವೆಂದದ್ದು ಸುಳ್ಳಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಆಕೆ ಒಂದು ಗಳಿಗೆ ನಿಂತೇಬಿಟ್ಟಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಟವೆಲ್ಲಿನ ಮೇಲಿಂದ ಬೆಕ್ಕನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಪಂಕಜ ರಟ್ಟಿಗೂ ಕೂದಲಿಗೂ ನಡುವೆ ಬೆರಳು ತೂರಿಸಿ, ಎಣ್ಣೆ ಇಳಿಬಿಟ್ಟು, ತಿಕ್ಕಿ, ಮತ್ತೆ ಇಳಿಬಿಟ್ಟಳು. ಎಳೆಯಬಾರದು, ಎಣ್ಣೆ ತಾನಾಗಿ ಒಳಗಿಳಿಯುವ ತನಕ ಕಾಯಬೇಕು. ಬೆಲ್ಲ ಗುರುಗುಟ್ಟಿದಾಗಲೆಲ್ಲ ಆ ಹೆಂಗಸು ಕಣ್ಣು ತೆರೆಯದೆಯೇ, "ಊರ್ಕೋ ತಲ್ಲಿ, ಊರ್ಕೋ," ಎಂದು ತೆಲುಗಿನಲ್ಲಿ ರಮಿಸುತ್ತಿದ್ದಳು. ರಮಿಸುತ್ತಿದ್ದದ್ದು ಬೆಕ್ಕನ್ನೋ, ತನ್ನನ್ನೋ ಹೇಳುವುದು ಕಷ್ಟವಿತ್ತು. ಅವಳ ಕೈಗಳಿಂದ ಅವರೆಯ ಸೊಗಡಿನ ವಾಸನೆ ಬರುತ್ತಿತ್ತು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಇಷ್ಟು ಹತ್ತಿರ ಒಬ್ಬರು ಕೂತು ಎಷ್ಟು ತಿಂಗಳಾಯಿತೆಂದು ಪಂಕಜ ಲೆಕ್ಕ ಹಾಕಲು ಹೋಗಲಿಲ್ಲ.

ಮುಂಗಾಲು ಮೊದಲು ಬಿಟ್ಟಿತು. ಪಕ್ಕೆ ಬಿಡುವುದು ನಿಧಾನವಾಯಿತು. ಮಾತು ಆಕೆಯೇ ತೆಗೆದಳು. ಶುಭಮ್ಮ ಇದ್ದಾಗ ಸಾಯಂಕಾಲ ಸ್ಕೂಲಿಂದ ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿದೇ ಈ ಕಡೆ ಬರುತ್ತಿದ್ದರು, ನಮ್ಮ ಸೊಸೆಗೆ ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಕತ್ತಲಾಗುವ ತನಕ ಕೂತಿದ್ದರು ಎಂದಳು. ಪಂಕಜಳಿಗೆ ಇದೊಂದೂ ಗೊತ್ತಿರಲಿಲ್ಲ. ಸ್ಕೂಲಿನಲ್ಲಿ ಕೆಲಸ ಇತ್ತು ಎಂದಷ್ಟೇ ಶುಭಾ ಹೇಳುತ್ತಿದ್ದಳು.

"ನಿಮ್ಮಕ್ಕನ್ನೂ ಕರ್ಕೊಂಡು ಬನ್ನಿ ಅಂತಿದ್ದೆ. ಅಕ್ಕಂಗೆ ಜನ ಅಂದ್ರೆ ಆಗಲ್ಲ ಅನ್ನೋರು."

ಪಂಕಜಳ ಬೆರಳು ಒಂದು ಗಳಿಗೆ ನಿಂತಿತು. "ಹಾಗೇನಿಲ್ಲ," ಎಂದಳು. ಮತ್ತೆ ಎಣ್ಣೆ ಬಿಟ್ಟಳು.

ಕೊನೆಗೆ ರಟ್ಟು ಪೂರ್ತಿ ಬಿಟ್ಟು ಬಂದಾಗ ಅದರ ಮೇಲೆ ಬೆಲ್ಲದ ಬಣ್ಣದ ಕೂದಲಿನ ದೊಡ್ಡ ಮಚ್ಚೆ ಉಳಿದಿತ್ತು. ಬೆಕ್ಕಿನ ಪಕ್ಕೆಯಲ್ಲಿ ಅಷ್ಟಗಲ ಗುಲಾಬಿ ಚರ್ಮ ಕಾಣುತ್ತಿತ್ತು. ಗಾಯವಾಗಿರಲಿಲ್ಲ. ಎಣ್ಣೆ ಹೀರಲೆಂದು ಪಂಕಜ ಅಕ್ಕಿಹಿಟ್ಟಿನ ಡಬ್ಬ ತಂದು ಮೈತುಂಬ ಉದುರಿಸಿ ತಿಕ್ಕಿದಳು. ಬಿಟ್ಟ ಕೂಡಲೇ ಬೆಲ್ಲ ಮೈ ಕೊಡವಿ, ಇಬ್ಬರ ಮೇಲೂ ಹಿಟ್ಟು ಹಾರಿಸಿ, ಹೊರಗೆ ಓಡಿತು. ಆ ಹೆಂಗಸು ಆಗ ಕಣ್ಣು ತೆರೆದಳು. ಹುಬ್ಬಿನ ಮೇಲೆಲ್ಲ ಬೆಳ್ಳಗಾಗಿದ್ದ ಅವಳನ್ನು ನೋಡಿ ಪಂಕಜಳಿಗೆ ನಗು ಬಂತು, ಆಕೆಗೂ ಬಂತು.

"ನಿಮ್ಮ ಹೆಸರು ಕೇಳ್ಲೇ ಇಲ್ಲ ನಾನು."

"ಆಂಜಿನಮ್ಮ."

ಕಾಫಿ ಕುಡಿದು ಹೋಗಿ ಎಂದು ಪಂಕಜ ಎರಡು ಲೋಟ ತೆಗೆದಿಟ್ಟಳು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ, ಮೊಮ್ಮಗು ಏಳುವ ಹೊತ್ತಾಯಿತು, ಇನ್ನೊಂದು ದಿನ ಎಂದು ಹೇಳಿ ಆಂಜಿನಮ್ಮ ಬೀದಿ ದಾಟಿದಳು. ಅವಳ ಮನೆಯ ಬಾಗಿಲಲ್ಲಿ ಯಾರೋ ಏನೋ ಕೇಳಿದರು, ಅವಳು ಏನೋ ಹೇಳಿದಳು, ಮನೆಯವರೆಲ್ಲ ನಕ್ಕದ್ದು ಇಲ್ಲಿಗೂ ಕೇಳಿಸಿತು. ಪಂಕಜ ಒಂದು ಲೋಟವನ್ನು ಎತ್ತಿ ಮತ್ತೆ ಕಪಾಟಿನಲ್ಲಿಟ್ಟಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶುಭಾಳ ಫೋನ್ ಬಂತು. ದನಿ ದಣಿದಿತ್ತು. ಯಾಕೆ ಮಾಡಿದ್ದೆ ಎಂದು ಕೇಳಿದಳು. ಯಾರ ತಿಥಿ ಎಂದು ಪಂಕಜ ತಿರುಗಿ ಕೇಳಿದಳು.

"ಮೊದಲನೆಯವರದ್ದು," ಎಂದಳು ಶುಭಾ. "ಅವರಿಗೆ ಇಷ್ಟ ಆಗಿದ್ದೇ ಮಾಡ್ಬೇಕಿತ್ತು. ಪಾಯಸಕ್ಕೆ ಎಷ್ಟು ಏಲಕ್ಕಿ ಹಾಕ್ತಿದ್ರು ಅನ್ನೋದನ್ನೂ ಎಲ್ರೂ ಹೇಳಿಕೊಟ್ರು. ಚೆನ್ನಾಗಾಗಿತ್ತಂತೆ."

ಪಂಕಜ ಮಾತು ಬದಲಿಸಿದಳು. ಮಧ್ಯಾಹ್ನದ್ದನ್ನು ಹೇಳಿದಳು. ಅಂಟಿನ ಹೆಸರೆತ್ತಿದ ಕೂಡಲೇ ಆ ಕಡೆ ಶುಭಾ ಗಾಬರಿಯಾಗಿ, "ಎಳೀಬೇಡ ಕಣೇ, ಎಣ್ಣೆ ಹಚ್ಬೇಕು," ಅಂದಳು.

"ಗೊತ್ತು," ಎಂದಳು ಪಂಕಜ. "ಬಿಡಿಸಿ ಆಯ್ತು. ಎದುರುಮನೆ ಆಂಜಿನಮ್ಮ ಬಂದು ಹಿಡ್ಕೊಂಡ್ರು."

ಅವರು ನಿನಗೆ ಗೊತ್ತಾ, ಎಂದು ಕೇಳುವವಳ ಹಾಗೆ ಶುಭಾ ಉಸಿರೆಳೆದುಕೊಂಡಳು, ಕೇಳಲಿಲ್ಲ. "ಫೋನು ಸ್ವಲ್ಪ ಅದರ ಹತ್ರ ಹಿಡಿ," ಅಂದಳು.

ಪಂಕಜ ಮಂಚದ ಪಕ್ಕ ನೆಲದ ಮೇಲೆ ಕೂತು ಸ್ಪೀಕರು ಹಾಕಿ ಕೈ ಚಾಚಿದಳು. ಬೆಲ್ಲ ಕತ್ತಲಲ್ಲಿ ಬಾಲ ನೆಕ್ಕುತ್ತಿತ್ತು. ಶುಭಾ ಕರೆದಳು, ಮರಿಯಾಗಿದ್ದಾಗ ಕರೆಯುತ್ತಿದ್ದ ಹಾಗೆ ನಾಲಿಗೆ ಲೊಚಗುಟ್ಟಿಸಿ, ಹೆಸರಿನ ಕೊನೆಯನ್ನು ಎಳೆದು, ಎರಡು ಮೂರು ಸಲ ಕರೆದಳು. ಬೆಕ್ಕು ತಲೆ ಎತ್ತಲಿಲ್ಲ.

"ನೋಡ್ತಾ ಅಕ್ಕ?"

"ಹ್ಞೂ," ಎಂದಳು ಪಂಕಜ. "ಕಿವಿ ನಿಮಿರಿಸ್ತು. ಫೋನ್ ಹಿಂದೆ ಎಲ್ಲ ಹುಡುಕ್ತಾ ಇದೆ."

ಶುಭಾ ಮೂಗೇರಿಸಿದ್ದು ಕೇಳಿಸಿತು. ಆಮೇಲೆ ಯಾರೋ ಅವಳನ್ನು ಕರೆದರು. ಈ ಸಲ ಅವಳು ಫೋನನ್ನು ಮುಚ್ಚಿಕೊಳ್ಳದೆ, "ಬಂದೆ," ಎಂದಳು.

ಅಡುಗೆಮನೆ ಗುಡಿಸಬೇಕಿತ್ತು. ಪಂಕಜ ಪೊರಕೆ ತಂದು, ದೀಪ ಹಾಕಿದಳು. ಕೆಂಪು ಗಾರೆಯ ನೆಲದ ಮೇಲೆ ಅಕ್ಕಿಹಿಟ್ಟಿನ ಪುಟ್ಟ ಪುಟ್ಟ ಹೆಜ್ಜೆಗಳು ಅಡುಗೆಮನೆಯಿಂದ ಹೊರಟು, ಹೊಸ್ತಿಲು ದಾಟಿ, ನಡುಮನೆಯ ಉದ್ದಕ್ಕೂ ಒಂದೊಂದಾಗಿ ಮೂಡಿದ್ದವು. ಅವಳು ಪೊರಕೆಯನ್ನು ಬಾಗಿಲ ಸಂದಿಗೆ ಒರಗಿಸಿ, ಸೀರೆಯ ನೆರಿಗೆ ಮೇಲೆತ್ತಿಕೊಂಡು, ಅವುಗಳ ಪಕ್ಕದಲ್ಲೇ ಗೋಡೆಗೆ ಅಂಟಿದಂತೆ ನಡೆದು ಬೆಲ್ಲ ಇದ್ದ ಕೋಣೆಗೆ ಹೋದಳು.