ಪಾಪಯ್ಯನ ಕೆರೆಗೆ ಬೆಳಕು

"ಆ ಗೋಣಿತಾಟು ಇಳಿಸ್ರಪ್ಪಾ, ಚಟ್ಟ ತಿರುಗ್ಸೋಕೆ ಅಡ್ಡ ಬರ್ತದೆ," ಎಂದ ಪಕ್ಕದ ಮನೆಯ ಗಂಗಣ್ಣ. ಪಾಪಯ್ಯನ ಹೆಣದ ಕಾಲ ಕಡೆ ಅವನು ಹೆಗಲು ಕೊಟ್ಟಿದ್ದ.

ಗೋಡೆಯಲ್ಲಿ ತೂಗುತ್ತಿದ್ದದ್ದು ಗೋಣಿತಾಟಲ್ಲ, ಎರಡು ಮೊಳದುದ್ದದ ಹಲಗೆ. ಬಾಗಿಲಾಚೆ ನಿಂತಿದ್ದ ಲಾಟೀನು ರಿಪೇರಿಯ ತಾಜುದ್ದೀನ್ ಸಾಬರು ಬಾಯಿ ಹಾಕಿದರು: "ಇಳಿಸ್ಬೇಡಿ ಗಂಗಣ್ಣ. ಅದು ಅವನು ಮಾಡಿದ ಕೆರೆ."

"ಕೆರೇನಾ? ಎಲ್ಲಿ ನೀರು? ನೀವು ನೋಡಿದ್ರಾ?"

ಸಾಬರು ಟೋಪಿ ಸರಿಮಾಡಿಕೊಂಡರು. ನೋಡಿರಲಿಲ್ಲ. ಅವರ ಅಂಗಡಿಗೂ ಈ ಮನೆಗೂ ನಡುವೆ ವಿಜಯಪುರದ ಎರಡೇ ಬೀದಿ. ಮೂರು ವರ್ಷದಲ್ಲಿ ಅಷ್ಟು ದೂರ ನಡೆಯಲು ಅವರಿಗೆ ಪುರುಸೊತ್ತಾಗಿರಲಿಲ್ಲ.

ಚಟ್ಟ ವಾಲಿಕೊಂಡು ಹೊರಬಂತು. ಹಿಂದೆ ಹತ್ತು ಜನವೂ ಇರಲಿಲ್ಲ. ಹೊಸಕೋಟೆಯಿಂದ ಬಂದಿದ್ದ ತಂಗಿ ಪಿಳ್ಳಮ್ಮ ಒಬ್ಬಳದೇ ಅಳು ಬೀದಿಯ ತುದಿಯವರೆಗೂ ಕೇಳಿತು.

*

ಪಾಪಯ್ಯ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವನು. ಒಳ್ಳೆಯ ನೂಲೆಲ್ಲ ಯುದ್ಧಕ್ಕೆ, ಪ್ಯಾರಾಚೂಟಿಗೆ ಹೋಗುತ್ತಿತ್ತು. ಬಾಣಲೆಯಲ್ಲಿ ಉಳಿದ ಸಿಕ್ಕುಸಿಕ್ಕಾದ ಕಳಪೆ ಎಳೆಯ ಜುಟ್ಟನ್ನು ಇವನು ಮನೆಗೆ ತಂದು, ಎಳೆಎಳೆಯಾಗಿ ಬಿಡಿಸಿ, ಹುಣಸೆಬೀಜದ ಅಂಟಿನಲ್ಲಿ ಹಲಗೆಗೆ ಅಂಟಿಸಿ ಕೆರೆಯೊಂದರ ಚಿತ್ರ ಮಾಡುತ್ತಿದ್ದ. ಹೆಂಡತಿ ಸತ್ತು, ಮಕ್ಕಳಿಲ್ಲದ ಮನೆ. ಕೆರೆ ಮುಗಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ಶುರುವಾಯಿತು ದೀಪದ ಫಜೀತಿ. ದಿನಾ ಸಾಬರ ಅಂಗಡಿಗೆ ಬಂದು ನಿಲ್ಲುತ್ತಿದ್ದ.

"ಬುಡ್ಡಿ ಇಟ್ರೆ ಹೊಗೆ, ಸಾಬ್ರೇ. ಲಾಟೀನು ತೂಗ್ಹಾಕಿದ್ರೆ ಅದರ ನೆರಳೇ ನೀರಿನ ಮೇಲೆ ಕೂತ್ಕೊಳ್ತದೆ. ಒಂದ್ಸಲ ಬಂದು ನೋಡಿ."

"ಮೊದ್ಲು ಮೀನು ಬಿಡೋ ಮಾರಾಯಾ, ಬಲೆ ಹಿಡ್ಕೊಂಡೇ ಬರ್ತೀನಿ!"

ಸೀಮೆಎಣ್ಣೆ ಚೀಟಿಗೆ ಅಳೆದು ಕೊಡುತ್ತಿದ್ದ ಕಾಲ. ಪಾಪಯ್ಯ ಹೊತ್ತಿದ್ದಾಗಲೇ ಉಂಡು, ತನ್ನ ಪಾಲಿನ ಎಣ್ಣೆಯನ್ನು ಕೆರೆಗೆ ಉಳಿಸುತ್ತಿದ್ದ. ಕಾಟ ತಾಳದೆ ಸಾಬರು ಒಂದು ದಿನ ತಗಡಿನ ಬೆನ್ನಿನ ಗೋಡೆದೀಪ ಕೊಟ್ಟು ಕಳಿಸಿದರು. "ಎದುರುಗೋಡೆಗೆ ಹೊಡಿ. ಮುಖಕ್ಕೆ ಮುಖ ಬೆಳಕು ಬೀಳ್ಲಿ. ಮೂವತ್ತು ವರ್ಷದಿಂದ ದೀಪದ ಕಸುಬು ನಂದು, ನೋಡೋದೇನು ಬಂತು?"

ವಾರ ಕಳೆದು ಅವನು ಮತ್ತೆ ಬಂದ. "ನೀವು ಹೇಳ್ದಂಗೇ ಇಟ್ಟೆ. ನೀರು ಅಲ್ಲಾಡೋದು ನಿಂತ್ಬಿಡ್ತು ಸಾಬ್ರೇ."

"ಕೆರೆ ನೀರು ನಿಲ್ದೆ ಓಡಿಹೋಗ್ತದೇನೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪಾಪಯ್ಯನೂ ನಕ್ಕ. ಆಮೇಲೆ ಅವನು ಅಂಗಡಿಯ ಕಡೆ ಬರಲಿಲ್ಲ.

*

ಮಣ್ಣು ಮುಗಿಸಿದವರು ಕಾಲು ತೊಳೆದುಕೊಂಡು, ದೀಪ ನೋಡಿ ಹೋಗಲು ಮನೆಗೆ ಮರಳಿದರು. ಅಣ್ಣನ ಉಸಿರು ಹೋದ ಜಾಗದಲ್ಲಿ, ಗೋಡೆಯ ಮಗ್ಗುಲಿಗೆ, ಪಿಳ್ಳಮ್ಮ ಹರಳೆಣ್ಣೆಯ ಹಣತೆ ಹಚ್ಚಿದ್ದಳು. ಒಬ್ಬೊಬ್ಬರೇ ಬಂದರು, ಬಗ್ಗಿ ಕೈಮುಗಿದರು, ಹೋದರು. ಗಂಗಣ್ಣನೂ ಹೋದ. ಯಾರೂ ತಲೆಯೆತ್ತಲಿಲ್ಲ.

ಕೊನೆಗೆ ಉಳಿದವರು ಸಾಬರು. ಮುಸ್ಸಂಜೆಯ ಮಬ್ಬಿನಲ್ಲಿ ಹಲಗೆ ನಿಜಕ್ಕೂ ಗೋಣಿತಾಟಿನಂತೆಯೇ ಇತ್ತು. ಎದುರುಗೋಡೆಯಲ್ಲಿ, ಅವರು ಹೇಳಿದ ಜಾಗದಲ್ಲೇ, ಅವರ ಗೋಡೆದೀಪ ಎಣ್ಣೆಯಿಲ್ಲದೆ ನೇತಾಡುತ್ತಿತ್ತು. ಅದನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಹಣತೆಯ ಕಡೆ ಕೈ ಚಾಚಿದರು.

"ಮುಟ್ಬೇಡಿ ಸಾಬ್ರೇ!" ಎಂದಳು ಒಳಗಿನಿಂದ ಪಿಳ್ಳಮ್ಮ. "ಹನ್ನೊಂದು ದಿನ ಆ ದೀಪ ಕದಲಿಸ್ಬಾರ್ದು."

"ಹಲಗೆ ಕದಲಿಸ್ಬಹುದಾ, ತಾಯಿ?"

"ಒಯ್ತೀರೇನು? ಒಯ್ಯಿರಿ. ಆ ಸಿಕ್ಕು ನಂಗ್ಯಾಕೆ."

"ಒಯ್ಯಕ್ಕಲ್ಲ."

ಮೊಳೆಯಿಂದ ಬಿಡಿಸಿ, ಹಲಗೆಯನ್ನು ಹಣತೆಯ ಹಿಂದೆ ಗೋಡೆಗೆ ಒರಗಿಸಿದರು. ಸತ್ತ ಬೂದುಬಣ್ಣ. ಹಲಗೆಯನ್ನು ಪಕ್ಕಕ್ಕೆ ಗೇಣು ಸರಿಸಿದರು. ಇನ್ನೊಂದು ಗೇಣು. ದೀಪದ ಕುಡಿ ಹಲಗೆಯ ಪಕ್ಕದಂಚಿಗೆ ಬಂದದ್ದೇ ತಡ, ಎಳೆಗಳು ಒಂದರ ಹಿಂದೊಂದು ಎದ್ದವು. ಬಾಗಿಲಿನಿಂದ ಗಾಳಿ ಬಂದು ಕುಡಿ ಬಳುಕಿತು. ಈ ದಡದಿಂದ ಆ ದಡಕ್ಕೆ ಒಂದು ಅಲೆ ಹೋಯಿತು.

"ದೀಪ ಪಕ್ಕಕ್ಕೆ ಇಡ್ಬೇಕಿತ್ತು ಕಣೋ," ಎಂದರು ಸಾಬರು.

"ಯಾರಿಗೆ ಹೇಳ್ತಿದೀರಿ?" ಎಂದು ಕೇಳುತ್ತ ಪಿಳ್ಳಮ್ಮ ಹಣತೆಗೆ ಹೊಯ್ಯಲು ಎಣ್ಣೆಯ ಗಿಂಡಿ ಹಿಡಿದು ಬಂದಳು.

 ಅವಳು ಹಲಗೆಯ ಹತ್ತಿರ ಬಂದವಳು ತಟ್ಟನೆ ನಿಂತು, ಸೀರೆಯ ಅಂಚನ್ನು ನೆನೆಯದಂತೆ ಬೆರಳಷ್ಟು ಮೇಲೆತ್ತಿಕೊಂಡಳು.